ಮಿನಾರಿನ ಹಸಿರು ದೀಪ ಬರಲಿಲ್ಲ

ಬ್ಲ್ಯಾಕ್‌ಪಳ್ಳಿ, ಬೆಂಗಳೂರು ದಂಡು
೧೯೪೮

ವಿದ್ಯುತ್ ಸರಬರಾಜಿನ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಈ ರಂಜಾನಿನ ಒಂದು ಸಂಜೆ ತಾವು ನಮ್ಮ ಬೀದಿಗೆ ಕರೆಂಟ್ ನಿಲ್ಲಿಸಿದಿರಿ. ನನ್ನ ತಾಯಿ ಇಮಾಮ್ ಬೀ ಉಪವಾಸ ಬಿಡದೆಯೇ ತೀರಿಕೊಂಡಳು. ಇದಕ್ಕೂ ಅದಕ್ಕೂ ಏನು ಸಂಬಂಧವೆಂದು ತಾವು ಹುಬ್ಬೇರಿಸಬಹುದು. ನಾನು ಮನೆಯಲ್ಲಿ ದಖನಿ ಆಡುವ ದರ್ಜಿ. ತಮಗೆ ತಿಳಿಯಲೆಂದೇ ಕನ್ನಡದಲ್ಲಿ ಬರೆದಿದ್ದೇನೆ, ಕೊನೆಯವರೆಗೆ ಓದಿ.

ಅಮ್ಮಿಗೆ ಕಿವಿ ಪೂರ್ತಿ ಹೋಗಿತ್ತು, ಮಸೀದಿಯ ಬಾಂಗ್ ಕೇಳಿಸುತ್ತಿರಲಿಲ್ಲ. ಉಪವಾಸ ಬಿಡುವ ಹೊತ್ತಿಗೆ ಹತ್ತಿಸಲೆಂದು ಮಿನಾರಿನ ಮೇಲೆ ಹಸಿರು ಬಲ್ಬು ಹಾಕಿಸಿದಾಗ ಅವಳಷ್ಟು ಹಿಗ್ಗಿದವರಿಲ್ಲ. ಇನ್ನು ಹೊತ್ತಾಯಿತೇ ಎಂದು ಯಾರನ್ನೂ ಕೇಳಬೇಕಾಗಿಲ್ಲವಲ್ಲ! ಅಂದು ನಮಾಜು ಮುಗಿಸಿ ತಮ್ಮ ಇಲಾಖೆಗೂ ದುವಾ ಮಾಡಿದಳು. ತಮ್ಮ ಇಲಾಖೆ ಚೆನ್ನಾಗಿರಲೆಂದು ಬೇಡಿಕೊಂಡವರು ಈ ಊರಲ್ಲಿ ಇನ್ಯಾರಾದರೂ ಇದ್ದರೆ ತಿಳಿಸಿ, ಹೋಗಿ ನೋಡಿಕೊಂಡು ಬರುತ್ತೇನೆ.

ಈ ಸಲ ಅವಳಿಗೆ ಎದೆಯ ಕಾಯಿಲೆ. ಉಪವಾಸ ಬೇಡವೆಂದು ಡಾಕ್ಟರು ಹೇಳಿದ್ದರು. ನಾನೂ ನನ್ನ ಹೆಂಡತಿ ಹಮೀದಾಳೂ ದಿನವೂ ಗೋಗರೆದೆವು; ಕೇಳಲಿಲ್ಲ. ಆ ದಿನ ಮೋಡ ಕವಿದು ಮಧ್ಯಾಹ್ನದಿಂದಲೇ ಮಬ್ಬು. ಸಂಜೆ ಬಾಂಗ್ ಆಯಿತು, ದೀಪ ಬರಲಿಲ್ಲ. ಹಮೀದಾ ಖರ್ಜೂರವನ್ನು ಕೈಗಿಟ್ಟು, ಹೊತ್ತಾಯಿತೆಂದು ಸನ್ನೆ ಮಾಡಿದಳು. ಅಮ್ಮಿ ಕಿಟಕಿಯಿಂದ ಮಿನಾರು ನೋಡಿದಳು, ಆಮೇಲೆ ನಮ್ಮ ಮುಖ ನೋಡಿದಳು. ಅವಳು ತನ್ನ ಭಾಷೆಯಲ್ಲಿ ಅಂದದ್ದು ಇಷ್ಟು:

"ಕನಿಕರಕ್ಕೆ ಸುಳ್ಳು ಹೇಳ್ಬೇಡ್ರಪ್ಪಾ. ದೀಪ ಬರ್ಲಿ, ಬಿಡ್ತೀನಿ."

ತಿಂಗಳಿಡೀ ತಿನ್ನು ತಿನ್ನು ಎಂದು ಕಾಡಿದವರನ್ನು ಅವಳು ಹೇಗೆ ನಂಬಿಯಾಳು? ಓಡಿಹೋಗಿ ಮಿನಾರು ಹತ್ತಿ ಲಾಟೀನು ತೂಗುಹಾಕಿದೆ. ಅದರ ಬೆಳಕು ಹಳದಿ. ಅವಳು ಕಾಯುತ್ತಿದ್ದುದು ಹಸಿರಿಗೆ. ಇಳಿದು ಅಂಗಡಿಗೆ ಓಡಿ, ಹಸಿರು ಬಟ್ಟೆಯ ತುಂಡು ತಂದು ಲಾಟೀನಿಗೆ ಸುತ್ತಿದೆ. ಮನೆಗೆ ಬಂದಾಗ ಹಮೀದಾ ಬಾಗಿಲಲ್ಲಿ ಅಳುತ್ತಿದ್ದಳು. ಅಮ್ಮಿ ಕಿಟಕಿಗೆ ಒರಗಿಕೊಂಡೇ ಹೋಗಿದ್ದಳು. ಖರ್ಜೂರ ಮುಷ್ಟಿಯಲ್ಲೇ ಇತ್ತು. ಒಂದು ಗುಟುಕು ನೀರೂ ಇಳಿದಿರಲಿಲ್ಲವಲ್ಲಾ ಎಂಬ ಸಂಕಟ ಇಂದಿಗೂ ನನ್ನನ್ನು ಸುಡುತ್ತಿದೆ. ಜನ ಸೇರುವ ಹೊತ್ತಿಗೆ ತಮ್ಮ ಕರೆಂಟ್ ಬಂತು.

ಆಮೇಲೆ ಪತ್ರಿಕೆಯಲ್ಲಿ ತಮ್ಮ ಪ್ರಕಟಣೆ ಓದಿದೆ. ಜಲವಿದ್ಯುತ್ ಕೇಂದ್ರದ ಯಂತ್ರಗಳು ಹಳೆಯವಂತೆ, ಎರಡು ಕೆಟ್ಟಿವೆಯಂತೆ, ಬಿಡಿಭಾಗ ವಿಲಾಯತಿಯಿಂದ ಹಡಗಿನಲ್ಲಿ ಬರಬೇಕಂತೆ, ಸಾರ್ವಜನಿಕರು ಸಹಕರಿಸಬೇಕಂತೆ. ಗಿರಣಿಗಳಿಗೂ ಸಿನಿಮಾ ಮಂದಿರಗಳಿಗೂ ಹೊಸ ತಂತಿ ಎಳೆದಾಗ ಆ ಯಂತ್ರಗಳ ವಯಸ್ಸು ತಮಗೆ ಗೊತ್ತಿರಲಿಲ್ಲವೇ? ಇರುವ ಯಂತ್ರಗಳಿಗೆ ಹೊರಲಾಗದಷ್ಟು ಹೊರೆ ಹೊರಿಸಿದವರು ಯಾರು? ನನ್ನ ಹೊಲಿಗೆ ಯಂತ್ರಕ್ಕೇ ನಾನು ಒಂದು ಸೂಜಿ ಹೆಚ್ಚಿಗೆ ಇಟ್ಟಿರುತ್ತೇನೆ. ಇಡೀ ಊರನ್ನು ಬೆಳಗುವ ತಮಗೆ ಒಂದು ಯಂತ್ರ ಹೆಚ್ಚಿಗೆ ಇಡಬೇಕೆಂದು ತೋಚಲಿಲ್ಲವೇ?

ಅದೇ ಪ್ರಕಟಣೆಯ ಕೊನೆಯಲ್ಲಿ, ನಮ್ಮ ಭಾಗಕ್ಕೆ ಸಂಜೆ ಕರೆಂಟ್ ನಿಲ್ಲಿಸುವುದೆಂದು ಆ ದಿನ ಬೆಳಿಗ್ಗೆಯೇ ತೀರ್ಮಾನವಾಗಿತ್ತು ಎಂದೂ ಇದೆ.

ಹೊಸ ಯಂತ್ರ ತರಿಸಿ, ಅದು ತಮ್ಮ ಕರ್ತವ್ಯ. ಬರುವ ತನಕ, ಎಲ್ಲಿ ಯಾವಾಗ ಕತ್ತಲೆಯೆಂದು ಮೊದಲೇ ಬೀದಿಬೀದಿಗೆ ಡಂಗುರ ಹೊಡೆಸಿ. ಬೆಳಿಗ್ಗೆಯೇ ತಿಳಿದಿದ್ದರೆ, ಹಗಲಲ್ಲೇ ಅಮ್ಮಿಗೆ ಆ ಹಸಿರು ಲಾಟೀನು ತೋರಿಸಿ, ಇವತ್ತು ಇದೇ ನಿನ್ನ ದೀಪ ಎಂದಿರುತ್ತಿದ್ದೆ. ಅವಳು ನಂಬುತ್ತಿದ್ದಳು.

ಇಂತಿ,
ಸಹಕರಿಸಿದ ಸಾರ್ವಜನಿಕ,
ದರ್ಜಿ ಜಿಯಾವುಲ್ಲಾ