ಸುಂಟರಗಾಳಿಯ ಮರುದಿನ ಬಂದ ಅತ್ತೆ

೧೯೬೫ ಏಪ್ರಿಲ್ ೧೨, ಸೋಮವಾರ. ಇಂಡಿಯಾನಾ

ಲವೀನಾ ಅತ್ತೆ ಬದುಕಿದ್ದಾಳೆ. ಮೊದಲು ಇದನ್ನು ಬರೆದುಬಿಡುತ್ತೇನೆ.

ನಿನ್ನೆ ಸಂಜೆಯ ಸುಂಟರಗಾಳಿ ಅವಳ ಮನೆಯನ್ನು ಬುಡಸಮೇತ ಕಿತ್ತೊಯ್ದಿತ್ತು. ನೆಲಮಾಳಿಗೆ ತುಂಬ ಇಟ್ಟಿಗೆ, ತೊಲೆ. ಅಪ್ಪನೂ ನಾನೂ ರಾತ್ರಿಯಿಡೀ ಅವನ್ನೆತ್ತಿ ಹಾಕುತ್ತ ಅವಳ ಹೆಸರು ಕೂಗಿದೆವು. ನಾವು ಆಮಿಶ್ ಪಂಥದವರು, ನಮ್ಮವರ ಮನೆಗಳಲ್ಲಿ ಫೋನ್ ಇಡುವಂತಿಲ್ಲ, ಯಾರನ್ನು ಕೇಳುವುದು?

ಬೆಳಿಗ್ಗೆ ಕುದುರೆಗಾಡಿಯೊಂದು ಬಂತು. ಅತ್ತೆಯೇ ಇಳಿದಳು. ಮನೆಯಿದ್ದ ಜಾಗವನ್ನು ನೋಡಿ ಅಪ್ಪನ ಕಡೆ ತಿರುಗಿದಳು.

"ಏನೋ ಎಲ್ವಿನ್, ನನ್ನ ಉಪ್ಪಿನಕಾಯಿ ಭರಣಿ ಏನಾದ್ರೂ ಸಿಕ್ತಾ?"

"ನಿನ್ನನ್ನ ಹುಡುಕ್ತಿದ್ದೆ ಕಣೇ ಅಕ್ಕಾ!" ಅಪ್ಪ ಕಿರುಚಿದ. "ಎಲ್ಲಿ ಹಾಳಾಗಿ ಹೋಗಿದ್ದೆ?"

"ಮಗಳ ಮನೆಗೆ. ನಿನ್ನೆ ಪ್ರಾರ್ಥನೆ ಇಲ್ಲದ ಭಾನುವಾರ ಅಲ್ವಾ?" ನಮ್ಮಲ್ಲಿ ವಾರ ಬಿಟ್ಟು ವಾರ ಪ್ರಾರ್ಥನೆ; ನಡುವಿನ ಭಾನುವಾರ ನೆಂಟರ ಮನೆಗೆ ಹೋಗುವುದು ರೂಢಿ.

"ಒಂದು ಮಾತು ಹೇಳಿ ಹೋಗ್ಬಾರ್ದಿತ್ತಾ?"

"ಭಾನುವಾರ ನೆಂಟರ ಮನೆಗೆ ನಾವು ಯಾವತ್ತು ಹೇಳಿ ಹೋಗಿದ್ದೀವೋ?"

ಅಪ್ಪ ನಗುತ್ತ ಇಟ್ಟಿಗೆಗಳ ಮೇಲೆ ಕುಸಿದು ಕೂತು ಅತ್ತ. ತಬ್ಬಿಕೊಳ್ಳಲು ನನಗೆ ಸಂಕೋಚ. ಅತ್ತೆಯ ಶಾಲಿನ ಅಂಚು ಹಿಡಿದು ನಿಂತೆ.

ಪಕ್ಕದ ಜಮೀನಿನವರು ಯಾರೂ ಉಳಿದಿಲ್ಲ. ಆದರೂ ಮನಸ್ಸು ಹಗುರಾಗಿದೆ. ಹೇಳಿಕೊಳ್ಳಲು ನಾಚಿಕೆ, ಆದರೆ ನಿಜ.

ಈಗ ನನ್ನ ಹಾಸಿಗೆಯಲ್ಲಿ ಅವಳ ಗೊರಕೆ. ಅದು ನಿಂತಾಗಲೆಲ್ಲ ಬರೆಯುವುದನ್ನು ನಿಲ್ಲಿಸಿ ಕಿವಿಗೊಡುತ್ತೇನೆ. ಹಾಂ, ಮತ್ತೆ ಶುರುವಾಯಿತು. ಇನ್ನು ನಾನೂ ಮಲಗುತ್ತೇನೆ.