ಕರಿಯನ ಹಗ್ಗ

೧೯೮೩, ಸೆಪ್ಟೆಂಬರ್ ೧೧
ಬೆಳಗ್ಗೆ ನವಣೆ ಗಂಜಿ. ಹೆಂಡತಿ ಯೂಫೆನ್ ಎರಡು ಗುಟುಕು ಕುಡಿದಳು. ಉಳಿದದ್ದನ್ನು ಎಂದಿನಂತೆ ನಮ್ಮ ಕತ್ತೆ ಕರಿಯನಿಗೆ ಹಾಕಿಸಿದಳು. ಮಗು ಸತ್ತು ಹುಟ್ಟಿದ ಮೇಲೆ ಅವಳ ರಕ್ತ ನಿಂತಿಲ್ಲ. ಡಾಕ್ಟರ್ ಕೈಚೆಲ್ಲಿದರು. ಕತ್ತೆಚರ್ಮ ಕುದಿಸಿ ತೆಗೆದ ಅಂಟು ಕುಡಿಸು, ರಕ್ತ ನಿಲ್ಲುತ್ತೆ ಎನ್ನುತ್ತಾಳೆ ಅಪ್ಪನ ತಂಗಿ ತಾನ್ ಅತ್ತೆ. ನಮ್ಮ ದೋಂಗ್‌ಎ ಊರಿನ ಅಂಟಿಗೆ ದೇಶವೇ ಬಾಯಿಬಿಡುತ್ತದೆ. ಊರಿನ ಅಂಗಡಿಯಲ್ಲೇ ಇಲ್ಲ.

ಸೆಪ್ಟೆಂಬರ್ ೧೩
"ಚರ್ಮ ಕಪ್ಪಗಿರಬೇಕು," ಎಂದಳು ಅತ್ತೆ. ಕೊಟ್ಟಿಗೆ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ.
"ಚಳಿ ಬರ್ಲಿ, ನೀರು ಹೆಪ್ಪುಗಟ್ಲಿ. ಸೆಕೆಗೆ ಅಂಟು ಗಟ್ಟಿಯಾಗಲ್ಲ ಕಣೋ ದೆಶೆಂಗ. ನಿಮ್ಮಪ್ಪನೂ ಹಿಂಗೇ ಆತುರಗೇಡಿ."
"ಅಲ್ಲೀತನಕ ಅವಳು ಇರ್ತಾಳಾ?"
ಅತ್ತೆ ಸೂಜಿಗೆ ದಾರ ಪೋಣಿಸುತ್ತ ಕೂತಳು.

ಸೆಪ್ಟೆಂಬರ್ ೨೦
ಆಯಿತು.
ಕರಿಯನನ್ನು ನಿನ್ನಣ್ಣನ ಬೀಸುಕಲ್ಲಿಗೆ ಎರವಲು ಕೊಟ್ಟೆ ಎಂದೆ ಯೂಫೆನ್‌ಗೆ.
"ನನ್ನನ್ನೊಂದ್ ಮಾತು ಕೇಳ್ಬಾರ್ದಾ? ಅಣ್ಣ ಜಿಪುಣ, ಕಾಳು ಹಾಕಲ್ಲ. ಕರಿಯ ನಿನ್ಹಂಗಲ್ಲ, ಹಸಿವಾದ್ರೆ ಒದೀತಾನೆ." ನಕ್ಕಳು. ತಾಯಿ ಸತ್ತ ಮರಿಗೆ ಗಂಜಿ ಕುಡಿಸಿ ಸಾಕಿದವಳು.

ಅಕ್ಟೋಬರ್ ೨
ತಮ್ಮನ ಹಿತ್ತಲಲ್ಲಿ ಚರ್ಮ ಕುದಿಸುತ್ತಿದ್ದೇನೆ. ತಿರುವುತ್ತಲೇ ಇರಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಮೈಯೆಲ್ಲ ವಾಸನೆ. ಮಿಂದು ಮನೆಗೆ ಹೋಗುತ್ತೇನೆ.

ಅಕ್ಟೋಬರ್ ೯
ದಕ್ಷಿಣದ ಬಿಸಿಗಾಳಿ. ಅಂಟು ಆರಲು ಹಾಕಿದ ತಟ್ಟೆಗಳಲ್ಲಿ ಬೂಷ್ಟು. ಅತ್ತೆ ಮೂಸಿ ನೋಡಿದಳು. ಬೈಯಲಿಲ್ಲ... ಬೈದಿದ್ದರೆ ಚೆನ್ನಾಗಿತ್ತು.
ಮಡಕೆಯ ತಳದಲ್ಲಿ ತುಸು ಉಳಿದಿದೆ. ಬಾವಿಯ ತಂಪಿಗೆ ಇಳಿಬಿಟ್ಟೆ.

ಅಕ್ಟೋಬರ್ ೨೭
ಅಂಗೈಯಗಲ ಗಟ್ಟಿಯಾಗಿದೆ. ಮದ್ಯದಲ್ಲಿ ಕರಗಿಸಿ ಒಯ್ದೆ. ತುಟಿಗೆ ಹಿಡಿದೆ. ಅವಳ ಕಣ್ಣು ಬಾಗಿಲ ಹಿಂದಿನ ಗೂಟದ ಮೇಲೆ. ಕರಿಯನಿಗೆ ಅವಳೇ ಹೆಣೆದ ಹಗ್ಗ, ಕೆಂಪು ಗೊಂಡೆ.
"ಹಗ್ಗ ಇಲ್ಲೈತಲ್ಲ," ಎಂದಳು.
ಎರವಲು ಕೊಟ್ಟ ಕತ್ತೆ ಹಗ್ಗದ ಸಮೇತ ಹೋಗುತ್ತದೆ. ಮರಳಿ ಬಾರದ ಕತ್ತೆಯ ಹಗ್ಗವನ್ನಷ್ಟೇ ನಾವು ಮನೆಯಲ್ಲಿ ಇಟ್ಟುಕೊಳ್ಳುವುದು. ಅಪ್ಪ ಹಾಗೇ ಮಾಡುತ್ತಿದ್ದ. ನನ್ನ ಕೈಯೂ ತಾನಾಗಿ ಗೂಟಕ್ಕೆ ಹಾಕಿತ್ತು.
ಬಟ್ಟಲು ಮೂಸಿದಳು. ತುಟಿ ಬಿಗಿದಳು.

ನವೆಂಬರ್ ೩
ಇವತ್ತೂ ಬಟ್ಟಲಿಗೆ ಬಾಯಿ ತೆರೆಯಲಿಲ್ಲ. ಅತ್ತೆ ಬೇಡಿಕೊಂಡಳು. "ನಿಂಗೋಸ್ಕರಾನೇ ಹೋಯ್ತು ಕಣೇ ಅದು, ವ್ಯರ್ಥ ಮಾಡ್ಬೇಡ."
"ನಾನು ಕೇಳಿದ್ನಾ?"
ಅಷ್ಟೇ. ಹಾಸಿಗೆ ಮತ್ತೆ ರಕ್ತದಲ್ಲಿ ತೊಯ್ದಿದೆ.

ನವೆಂಬರ್ ೮, ಬೆಳಗ್ಗೆ
ನೀರು ಹೆಪ್ಪುಗಟ್ಟಿದೆ. ಅಂಟು ಕುದಿಸುವ ಹವೆ. ಇವತ್ತೂ ಬಟ್ಟಲು ಬಿಸಿ ಮಾಡಿಟ್ಟಿದ್ದೇನೆ. ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ಕರೆದರೆ ಓಗೊಡುತ್ತಿಲ್ಲ.
ಓಣಿಯಲ್ಲಿ ಯಾರದೋ ಕತ್ತೆ ಕೂಗಿತು. ಈ ಕಡೆ ಹೊರಳಿದಳು. ಕಣ್ಣು ಬಾಗಿಲ ಮೇಲೆ. "ಗಂಜಿ ಉಳಿದೈತಾ?" ಎನ್ನುತ್ತಿದ್ದಾಳೆ. "ಕರಿಯ ಬಂದ, ಅವನಿಗೆ ಹಾಕು—"