ಕಳಿಯದ ಕೆಸರು

ಜೊಲಿಬಾ ನದಿ ಬತ್ತಿದ ಮೇಲಿನ ನೂರ ನಲವತ್ತನೆಯ ವರ್ಷ, ಮಡಕೆಗೆ ಕೆಸರು ತುಂಬುವ ತಿಂಗಳು.

ಇನ್ನೂ ಹುಟ್ಟದ ನನ್ನ ಮರಿಮಗಳೇ,

ನನ್ನ ಮಾತು ನಿನ್ನ ಕಿವಿಗೆ ವಿಚಿತ್ರವೆನಿಸಿದರೆ ಸಹಿಸಿಕೋ, ನಾನು ಕಲಿತದ್ದು ಇಷ್ಟೇ. ನಾನು ಸೀತಾನ್, ಕೆಸರುಬಟ್ಟೆ ಮಾಡುವವಳು. ನಮ್ಮ ಮಾಲಿ ಸೀಮೆಯಲ್ಲಿ ಹತ್ತಿಬಟ್ಟೆಯನ್ನು ಮೊದಲು ಎಲೆಯ ರಸದಲ್ಲಿ ಅದ್ದುತ್ತೇವೆ, ಹಳದಿಯಾಗುತ್ತದೆ. ಅದರ ಮೇಲೆ ಮಡಕೆಯಲ್ಲಿ ವರ್ಷವಿಡೀ ಕಳಿತ ಕೆರೆಯ ಕೆಸರು ಬಳಿದರೆ ಕಪ್ಪು ಕಚ್ಚಿಕೊಳ್ಳುತ್ತದೆ. ರಕ್ತ ಹರಿಸಿದವರ ಮೈಗೆ ಆ ರಕ್ತದ ಬಿಸಿ ಹತ್ತುತ್ತದೆ. ಅದನ್ನು ಹೀರುವುದು ಈ ಬಟ್ಟೆಯೊಂದೇ. ಅದಕ್ಕೇ ಬೇಟೆಗಾರರೂ ಬಾಣಂತಿಯರೂ ಇದನ್ನು ಉಡುತ್ತಾರೆ.

ನನ್ನ ಹರೆಯದಲ್ಲಿ ಹಳದಿಯವರು ಬಂದರು. ಹಳದಿ ಅಂಗಿ ತೊಟ್ಟು, ಬಿಸಿಲು ಕುಡಿದು ಓಡುವ ಮರಳುಬಂಡಿಗಳಲ್ಲಿ ಬಂದು ಕೆರೆ ದೋಚುವವರು. ಪಕ್ಕದೂರಿನಲ್ಲಿ ನೀರು ಕೊಡದವರ ಕೈ ಕಡಿದು ಏರಿಯ ಮೇಲೆ ಸಾಲಾಗಿ ಇಟ್ಟಿದ್ದರು. ಅವರನ್ನು ಎದುರಿಸಲು ನಮ್ಮೂರಿನ ಹನ್ನೆರಡು ಮಂದಿ ಗಂಡಸರು ಎದ್ದರು, ನನ್ನ ತಮ್ಮ ಸಿರಿಮಾನ ಎಲ್ಲರಿಗಿಂತ ಮುಂದೆ. ಧೂಳಿಗೆ ಹೆದರಿ ಎಲ್ಲರೂ ಮುಖ ಕಟ್ಟಿಕೊಳ್ಳುವ ಕಾಲ, ಬಟ್ಟೆಯೇ ಗುರುತು. ಹನ್ನೆರಡು ಕಪ್ಪು ಬಟ್ಟೆ ಬೇಕಿತ್ತು. ಮಡಕೆಯಲ್ಲಿದ್ದ ಕೆಸರಿಗೆ ಮೂರೇ ತಿಂಗಳಾಗಿತ್ತು.

ನನಗೆ ಕಸುಬು ಕಲಿಸಿದ ತೆನೆನ್ ಅತ್ತೆ ಮೂಸಿ ನೋಡಿದಳು. "ಇದು ಬರೀ ಮಣ್ಣು ಕಣೇ. ನೀರು ತಾಗಿದ್ರೆ ನಿಲ್ಲಲ್ಲ."

"ಅವರೇನು ನೀರಾಟಕ್ಕೆ ಹೋಗ್ತಿದಾರಾ? ಸುಮ್ನೆ ಬಳಿ ಅತ್ತೆ," ಎಂದು ಗದರಿದೆ. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ.

ಅವರು ಗೆದ್ದರು. ಹಳದಿಯವರ ಕತ್ತು ಕೊಯ್ದು, ಬಂಡಿಗಳನ್ನು ಸುಟ್ಟು, ಹತ್ತಿರದ ದಾರಿಯೆಂದು ಕೆರೆಗೇ ಇಳಿದು ಕುತ್ತಿಗೆಮಟ್ಟದ ನೀರಿನಲ್ಲಿ ನಡೆದು ಬಂದರು. ಕೆಸರೆಲ್ಲ ತೊಳೆದುಹೋಗಿ ಅಡಿಯ ಎಲೆರಸದ ಹಳದಿಯೊಂದೇ ಉಳಿಯಿತು. ಏರಿಯ ಮೇಲೆ ಬಂದೂಕು ಹಿಡಿದು ಕಾಯುತ್ತಿದ್ದ ನಮಗೆ, ಹೆಂಗಸರಿಗೆ, ಕಂಡದ್ದು ನೀರಿನಿಂದ ಏಳುತ್ತಿದ್ದ ಹಳದಿ ಮೈಗಳು. ಮೊದಲ ಗುಂಡು ನನ್ನದು. ಮುಂದಿದ್ದವನ ಗಂಟಲು ಹರಿದುಹೋಯಿತು. ಐವರು ಬಿದ್ದ ಮೇಲೆ ನೀರಿನಿಂದ ಯಾರೋ ನನ್ನ ಹೆಸರು ಹಿಡಿದು ಕೂಗಿದರು. ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ ಆಗ ನನಗೆ ಬುದ್ಧಿ ಬಂತು. ಗಂಟಲು ಹರಿದು ಬಿದ್ದಿದ್ದ ಸಿರಿಮಾನನ ಮುಖಕ್ಕೆ ಕಟ್ಟಿದ್ದ ಬಟ್ಟೆಯನ್ನು ನಾನೇ ಬಿಚ್ಚಿದೆ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರಕ್ತ ಹರಿಸಿದವಳು ನೀನು ಎಂದು ತನ್ನ ಹಳೆಯ ಕಪ್ಪು ಬಟ್ಟೆಯನ್ನು ನನಗೆ ಉಡಿಸಿದಳು. ನಲವತ್ತು ವರ್ಷದಿಂದ ಉಟ್ಟಿದ್ದೇನೆ, ಬಿಸಿ ಇಳಿದಿಲ್ಲ.

ನಿನ್ನ ಕಾಲದಲ್ಲೂ ಯಾರಾದರೂ ಬಂದು ಬಟ್ಟೆ ಬೇಗ ಬೇಕು ಎನ್ನುತ್ತಾರೆ. ವರ್ಷ ತುಂಬುವ ಮೊದಲು ಮಡಕೆಯ ಮುಚ್ಚಳ ತೆಗೆಯಬೇಡ. ಕೇಳುವವನು ನಿನ್ನ ತಮ್ಮನೇ ಆಗಿದ್ದರೆ ಬರಿಮೈಯಲ್ಲಿ ಕಳಿಸು. ಮುಖ ಕಟ್ಟದೆ ಕಳಿಸು.